ವೈದ್ಯರು ಕಲಿತ ಪಾಠ
(ಶಾಲಾ ವಾರ್ಷಿಕೋತ್ಸವದ ಭಾಷಣ)



ಪದವಿಯನ್ನು ಪಡೆದೊಡನೆ ವೈದ್ಯನ ವಿದ್ಯಾಭ್ಯಾಸವು ಮುಗಿಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಪದವೀಧರರೇ ತುಂಬಿದ್ದ ಆಸ್ಪತ್ರೆಯೊಂದು ಮರಳಿ ಪಾಠ ಕಲಿತ ವೃತ್ತಾಂತವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ಜಗತ್ಪ್ರಸಿದ್ಧವಾದುದು. ಕಠಿನ ಸ್ಥಿತಿಯಲ್ಲಿರುವ ರೋಗಿಗಳಿಗೆ ಔಷಧ ಕೊಡಲೆಂದು ದೊಡ್ಡ ರಕ್ತನಾಳದೊಳಗೆ ಸಣ್ಣ ಕೊಳವೆಯನ್ನು ಸೇರಿಸುವುದುಂಟು. ಪ್ರಾಣವುಳಿಸಬೇಕಾದ ಆ ಕೊಳವೆಯ ದಾರಿಯಿಂದಲೇ ರೋಗಾಣುಗಳು ರಕ್ತವನ್ನು ಹೊಕ್ಕು ಪ್ರಾಣವನ್ನು ಒಯ್ಯುವುದೂ ಉಂಟು. 2001ರಲ್ಲಿ ಅಲ್ಲಿನ ಡಾಕ್ಟರ್ ಪೀಟರ್ ಪ್ರೊನೊವೋಸ್ಟ್ ಎಂಬವರು ಒಂದು ಕಾಗದದ ಮೇಲೆ ಐದೇ ಅಂಶಗಳನ್ನು ಬರೆದರು. ಸಾಬೂನಿನಿಂದ ಕೈ ತೊಳೆಯಬೇಕು. ರೋಗಿಯ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದಿಂದ ಶುಚಿಮಾಡಬೇಕು. ರೋಗಿಯ ಮೈತುಂಬ ಶುದ್ಧೀಕರಿಸಿದ ಬಟ್ಟೆಯನ್ನು ಹೊದಿಸಬೇಕು. ವೈದ್ಯನು ಮುಖಗವಸು, ನಿಲುವಂಗಿ, ಕೈಗವಸುಗಳನ್ನು ಧರಿಸಬೇಕು. ಕೊನೆಗೆ ಕೊಳವೆಯ ಮೇಲೆ ಶುದ್ಧವಾದ ಪಟ್ಟಿಯನ್ನು ಹಾಕಬೇಕು.

ಇದರಲ್ಲಿ ಹೊಸತೇನು ಬಂತೆಂದು ತಾವು ಕೇಳಬಹುದು. ವೈದ್ಯವಿದ್ಯಾರ್ಥಿಗೂ ತಿಳಿದಿರುವ ಸಂಗತಿಗಳಿವು. ಆದರೆ ದಾದಿಯರು ಒಂದು ತಿಂಗಳು ನೋಡಿ ಬರೆದಿಟ್ಟಾಗ, ಮೂರರಲ್ಲೊಂದು ಪಾಲಿಗೂ ಮಿಕ್ಕ ರೋಗಿಗಳ ವಿಷಯದಲ್ಲಿ ಯಾವುದಾದರೊಂದು ಅಂಶವು ಬಿಟ್ಟುಹೋಗಿದ್ದುದು ಕಂಡುಬಂತು.

ಆ ಮೇಲೆ ಆಡಳಿತವರ್ಗದವರು, ಒಂದು ಅಂಶವನ್ನು ಬಿಟ್ಟರೂ ವೈದ್ಯನನ್ನು ತಡೆಯುವ ಅಧಿಕಾರವನ್ನು ದಾದಿಯರಿಗೆ ಕೊಟ್ಟರು. ನನಗೆ ಆ ಕಾಗದಕ್ಕಿಂತಲೂ ಈ ಅಪ್ಪಣೆಯೇ ದೊಡ್ಡದಾಗಿ ತೋರುತ್ತದೆ. ಹಿರಿಯರ ಮುಂದೆ ಕಿರಿಯರು ಬಾಯಿ ತೆರೆಯಲಾಗದೆಂಬ ಮನೆಗಳಲ್ಲಿ ಬೆಳೆದ ನಮಗೆ ಅದರ ತೂಕ ಗೊತ್ತು. ಒಂದು ವರ್ಷದಲ್ಲಿ, ಕೊಳವೆ ಹಾಕಿ ಹತ್ತು ದಿನಗಳೊಳಗೆ ಸೋಂಕು ತಗಲುವ ಪ್ರಮಾಣವು ನೂರಕ್ಕೆ 11ರಿಂದ ಸೊನ್ನೆಗೆ ಇಳಿಯಿತು.

ಅನಂತರ ಮಿಚಿಗನ್ ಸಂಸ್ಥಾನದ ನೂರಕ್ಕೂ ಮಿಕ್ಕ ತೀವ್ರಚಿಕಿತ್ಸಾ ವಿಭಾಗಗಳು ಈ ಕ್ರಮವನ್ನು ಕೈಗೊಂಡವು. ಅಲ್ಲಿ ಆಡಳಿತಾಧಿಕಾರಿಗಳೂ ತಿಂಗಳಿಗೊಮ್ಮೆ ವಾರ್ಡುಗಳಿಗೆ ಬರಬೇಕೆಂದು ಗೊತ್ತುಮಾಡಲಾಯಿತು. ಬಂದು ವಿಚಾರಿಸಿದಾಗ ತಿಳಿದುದೇನು? ಚರ್ಮ ತೊಳೆಯುವ ಆ ಔಷಧವೇ ಹೆಚ್ಚಿನ ವಿಭಾಗಗಳಲ್ಲಿ ಇರಲಿಲ್ಲ! ಮೇಜಿನ ಹಿಂದೆ ಕುಳಿತವರಿಗೆ ಅದು ತಿಳಿಯುವ ಬಗೆಯಾದರೂ ಎಂತು? ಕೆಲವೇ ವಾರಗಳಲ್ಲಿ ಅದನ್ನು ಒದಗಿಸಿದರು.

2006ರಲ್ಲಿ ಪ್ರಕಟವಾದ ವರದಿಯಂತೆ, ಮೂರು ತಿಂಗಳೊಳಗೆ ಕಡಮೆಯೆಂದರೂ ಅರ್ಧದಷ್ಟು ವಿಭಾಗಗಳಲ್ಲಿ ಇಂತಹ ಸೋಂಕು ಒಂದೂ ಇರಲಿಲ್ಲ. ಆರಂಭದ ಉತ್ಸಾಹವು ಬಹುಬೇಗ ಆರುವುದು ಲೋಕರೂಢಿ. ಇಲ್ಲಿ ಮಾತ್ರ ಪ್ರತಿಯೊಂದು ವಿಭಾಗಕ್ಕೂ ಅದರ ಲೆಕ್ಕವನ್ನು ತಪ್ಪದೆ ತೋರಿಸುತ್ತ ಬಂದರು. ಮೂರು ವರ್ಷಗಳ ಬಳಿಕ ನೋಡಿದಾಗಲೂ ಸೋಂಕು ಮತ್ತೆ ಏರಿರಲಿಲ್ಲ.