ತೈಶಾನಿನ ಸುದ್ದಿ ಮೊದಲು ಯಾರಿಗೆ ತಿಳಿಯಬೇಕಿತ್ತು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವ ನಮಗೆ ಚೀನದ ಅಣುವಿದ್ಯುತ್ತಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅಡಿಗೆಮನೆಯಲ್ಲಿ ಗ್ಯಾಸು ಸೋರಿದರೆ ಮೊದಲು ವಾಸನೆ ಬಡಿಯುವುದು ಒಲೆಯ ಮುಂದೆ ನಿಂತವನಿಗೆ, ಗಲ್ಲಾದಲ್ಲಿ ಕುಳಿತವರಿಗಲ್ಲ. ಅವನು ಬಾಯಿ ಬಿಡಬಹುದೆ? ಬಿಟ್ಟರೆ ಒಲೆ ಆರಿಸುತ್ತಾರೆಯೆ? ತೈಶಾನಿನ ಪ್ರಶ್ನೆಯೂ ಇದೇ.

ತೈಶಾನ್ ಅಣುವಿದ್ಯುತ್ ಸ್ಥಾವರವು ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ, ಹಾಂಗ್‌ಕಾಂಗಿಗೆ ಸುಮಾರು 130 ಕಿಲೋಮೀಟರು ಪಶ್ಚಿಮಕ್ಕಿದೆ. ಅಲ್ಲಿನ ಎರಡು ರಿಯಾಕ್ಟರುಗಳೂ ಫ್ರಾನ್ಸಿನ ಇ.ಪಿ.ಆರ್. ಮಾದರಿಯವು. ಚೀನದ ಸರಕಾರಿ ಕಂಪನಿ ಸಿ.ಜಿ.ಎನ್.ಗೆ ಅದರಲ್ಲಿ ಶೇಕಡಾ 51, ಫ್ರಾನ್ಸಿನ ಇ.ಡಿ.ಎಫ್.ಗೆ ಶೇಕಡಾ 30 ಪಾಲು.

ಅಣು ಇಂಧನವನ್ನು ಲೋಹದ ಕೊಳವೆಗಳಲ್ಲಿ ತುಂಬಿ ಮುಚ್ಚಿರುತ್ತಾರೆ. ವಿಕಿರಣಕ್ಕೆ ಇದು ಮೊದಲ ಬೇಲಿ. ನೀರು ಸುತ್ತುವ ಉಕ್ಕಿನ ಪಾತ್ರೆ ಎರಡನೆಯದು, ಕಾಂಕ್ರೀಟಿನ ಗುಮ್ಮಟ ಮೂರನೆಯದು. 1ನೆಯ ರಿಯಾಕ್ಟರಿನ 60,000ಕ್ಕೂ ಮಿಕ್ಕ ಕೊಳವೆಗಳಲ್ಲಿ ಸುಮಾರು ಐದು ಕೆಟ್ಟು, ಒಳಗಿನ ಅನಿಲಗಳು ನೀರಿಗೆ ಸೇರಿದವು. ಕೊಳವೆಗಳ ತೊಂದರೆ ಇ.ಡಿ.ಎಫ್.ಗೆ ಗೊತ್ತಾದದ್ದು 2020ರ ಅಕ್ಟೋಬರಿನಲ್ಲಿ.

ಲೋಕಕ್ಕೆ ತಿಳಿದದ್ದು 2021ರ ಜೂನ್ 14ರಂದು, ಅದೂ ಅಮೆರಿಕದ ಸಿ.ಎನ್.ಎನ್. ವಾರ್ತೆಯಿಂದ! ಸಿ.ಜಿ.ಎನ್. ಕಂಪನಿಯನ್ನು ಅಮೆರಿಕ 2019ರಲ್ಲಿ ನಿರ್ಬಂಧದ ಪಟ್ಟಿಗೆ ಸೇರಿಸಿತ್ತು. ಆದ್ದರಿಂದ ತಾಂತ್ರಿಕ ನೆರವು ಕೊಡಲು ಫ್ರಾನ್ಸಿನ ಫ್ರಾಮಟೋಮ್ ಕಂಪನಿ ಅಮೆರಿಕ ಸರಕಾರದ ಅನುಮತಿ ಕೇಳಿ ಕಾಗದ ಬರೆಯಿತು. ಆ ಕಾಗದ ಬಯಲಾಯಿತು. ಐದು ಕೊಳವೆಗಳ ಲೆಕ್ಕವನ್ನು ಚೀನದ ಸುರಕ್ಷತಾ ಇಲಾಖೆ ಹೊರಗಿಟ್ಟದ್ದು ಜೂನ್ 16ರಂದು. ವಿಕಿರಣ ಹೊರಗೆ ಸೋರಿಲ್ಲ, ಮಿತಿಯನ್ನು ಸಡಿಲಿಸಿದೆವೆಂಬುದೂ ಸುಳ್ಳು ಎಂದು ಅದು ಹೇಳಿತು. ಫ್ರಾನ್ಸಿನಲ್ಲಾಗಿದ್ದರೆ ರಿಯಾಕ್ಟರನ್ನು ನಿಲ್ಲಿಸುತ್ತಿದ್ದೆವು ಎಂದು ಜುಲೈಯಲ್ಲಿ ಇ.ಡಿ.ಎಫ್. ಹೇಳಿತು. ಜುಲೈ 30ರಂದು ಅದನ್ನು ನಿಲ್ಲಿಸಿದರು. ಮತ್ತೆ ಹೊತ್ತಿಸಿದ್ದು 2022ರ ಆಗಸ್ಟಿನಲ್ಲಿ.

ನಾವು ಯಾರನ್ನೂ ಹೆದರಿಸಲು ಬಂದಿಲ್ಲ. ವಿಕಿರಣ ಅಪಘಾತದ ಸೂಚನೆ ಇಲ್ಲವೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿತ್ತು. ಆದರೆ ಚೆರ್ನೊಬಿಲ್ ಬಳಿಕ 1986ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವು, ವಿಕಿರಣ ಗಡಿ ದಾಟುವಂಥ ಅಪಘಾತವಾದರೆ ನೆರೆಯವರಿಗೆ ತಿಳಿಸಿ ಎನ್ನುತ್ತದೆ. ಮೊದಲ ಬೇಲಿ ಬಿರಿದಾಗ ಪಕ್ಕದೂರಿಗೆ ಯಾರು ತಿಳಿಸಬೇಕು? ಅದೇ ವರ್ಷ, ಸಮೀಪದ ದಾಯಾ ಬೇ ಸ್ಥಾವರ ಬೇಡವೆಂದು ಹಾಂಗ್‌ಕಾಂಗಿನ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಅಂಥ ನೆರೆಯವರು ತಮ್ಮ ಪಕ್ಕದ ಸುದ್ದಿಯನ್ನು ಅಮೆರಿಕದಿಂದ ಕೇಳಬೇಕೆ?

ಮುಂಬಯಿಯ ನಮಗೂ ಇದು ದೂರದ ಮಾತಲ್ಲ. ರತ್ನಾಗಿರಿ ಜಿಲ್ಲೆಯ ಜೈತಾಪುರಕ್ಕೆ ಯೋಜಿಸಿರುವುದೂ ಇದೇ ಮಾದರಿಯ ಆರು ರಿಯಾಕ್ಟರುಗಳನ್ನೇ. ಆದ್ದರಿಂದ ನಾವು ಕೇಳುವುದು ಮೂರು: ಅಳತೆಯ ಲೆಕ್ಕ ಸುತ್ತಲಿನ ಜನರ ಭಾಷೆಯಲ್ಲಿ ದಿನವೂ ಹೊರಬರಲಿ; ಕೇಡನ್ನು ಮೊದಲು ಕಂಡು ಹೇಳಿದ ಕೆಲಸಗಾರನ ಕೆಲಸ ಹೋಗದಿರಲಿ; ನಿಲ್ಲಿಸುವ ಅಧಿಕಾರ ವಿದ್ಯುತ್ ಮಾರುವವರ ಕೈಯಲ್ಲಿ ಮಾತ್ರ ಇರದಿರಲಿ. ಬೆಳಕು ಎಲ್ಲರಿಗೂ ಬೇಕು, ಬಂಧುಗಳೇ. ಅದರ ಸುದ್ದಿಯೂ ಎಲ್ಲರಿಗೂ ಸೇರಬೇಕು.