ಪಟ್ಟಿ ಯಾರದು?



ನಾನಿರುವುದು ನಾಶಿಕದಲ್ಲಿ, ನಮ್ಮ ಸಾಫ್ಟ್‌ವೇರ್ ತಂಡದ ಅರ್ಧ ಜನ ಛತ್ರಪತಿ ಸಂಭಾಜಿನಗರದಲ್ಲಿ. ಕೆಲಸ ಸ್ಕ್ರಮ್ ಪದ್ಧತಿಯಲ್ಲಿ. ಅದರಲ್ಲಿ ಎರಡು ಪಟ್ಟಿ. ಆಗಬೇಕಾದದ್ದೆಲ್ಲ ಇರುವ ದೊಡ್ಡ ಪಟ್ಟಿ ಪ್ರಾಡಕ್ಟ್ ಬ್ಯಾಕ್‌ಲಾಗ್. ಯಾವುದು ಮೊದಲು ಎಂದು ಹೇಳುವವರು ಪ್ರಾಡಕ್ಟ್ ಓನರ್, ಒಬ್ಬರೇ, ಸಮಿತಿಯಲ್ಲ. (ನಮ್ಮ ಸಂಘಗಳಿಗೆ ಹೊಟ್ಟೆಕಿಚ್ಚಾಗಬೇಕು!) ಅದರಿಂದ ಈ ಸಲದ 2 ವಾರಕ್ಕೆ ಆರಿಸಿಕೊಂಡದ್ದು ಸ್ಪ್ರಿಂಟ್ ಬ್ಯಾಕ್‌ಲಾಗ್. ಅದು ಕೆಲಸ ಮಾಡುವವರದ್ದು. ಸ್ಕ್ರಮ್ ಮಾಸ್ಟರ್ ಎಂಬ ಹೆಸರು ದೊಡ್ಡದು, ಆದರೆ ಎರಡೂ ಪಟ್ಟಿ ಅವರದಲ್ಲ. ಕೆನ್ ಶ್ವೇಬರ್, ಜೆಫ್ ಸದರ್ಲೆಂಡ್ ಬರೆದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ನೋಡಿ. ಉಚಿತ, 20 ಪುಟವೂ ಇಲ್ಲ.

ಪುಸ್ತಕದಲ್ಲಿ ಹೀಗೆ. ನಮ್ಮಲ್ಲೋ, ಸ್ಪ್ರಿಂಟ್ ನಡುವೆ ಸಂಜೆ ಆರಕ್ಕೆ ಪಟ್ಟಿಯಲ್ಲಿ ಹೊಸ ಕೆಲಸ ಬಂದು ಕೂತಿರುತ್ತಿತ್ತು. ಹಾಕಿದವರು ಯಾರು ಎಂದು ಕೇಳುವವರಿಲ್ಲ. ಎತ್ತಿಕೊಳ್ಳುತ್ತಿದ್ದವರು ಹೆಚ್ಚಾಗಿ ನಾವು ಹೆಂಗಸರೇ: ಒಲೆಯ ಮೇಲೆ ಕುಕ್ಕರ್, ಮಡಿಲಲ್ಲಿ ಲ್ಯಾಪ್‌ಟಾಪ್. ‘ಇಲ್ಲ’ ಎಂದರೆ ಸಹಕರಿಸದವಳು ಎಂಬ ಹೆಸರು.

ಹಾಗೆಂದು ಪಟ್ಟಿ ಶಿಲಾಶಾಸನವೇನಲ್ಲ. ನಡುವೆಯೂ ಬದಲಿಸಬಹುದು, ಆದರೆ ಓನರ್ ಮತ್ತು ತಂಡ ಕೂತು ಮಾತಾಡಿ, ಸ್ಪ್ರಿಂಟಿನ ಗುರಿ ಕೆಡದಂತೆ. ಸಂಭಾಜಿನಗರದ ಗೆಳತಿಯೊಬ್ಬಳು ಒಮ್ಮೆ ಕಾಲ್‌ನಲ್ಲಿ ಮೆತ್ತಗೆ ಕೇಳಿದಳು: "ಇದನ್ನು ತಗೊಳ್ಳೋಣ. ಬದಲಿಗೆ ಯಾವುದನ್ನು ತೆಗೆಯೋಣ?" ಎಲ್ಲರೂ ಮ್ಯೂಟ್! ಕೊನೆಗೆ ಓನರೇ ಆ ಕೆಲಸವನ್ನು ದೊಡ್ಡ ಪಟ್ಟಿಗೆ ವಾಪಸ್ ಕಳಿಸಿದರು. ಈಗ ಆ ಪ್ರಶ್ನೆಯನ್ನು ತಂಡದ ಗಂಡಸರೂ ಕೇಳುತ್ತಾರೆ.