ಹೂಕುಂಡವೂ ಬಣ್ಣದ ಕಾಗದವೂ

(ಸಂಘದ ಕೌಟುಂಬಿಕ ಕೂಟದಲ್ಲಿ ಮಾಡಿದ ಭಾಷಣ)



ಬೋಗನ್‌ವಿಲ್ಲಾ ಬಳ್ಳಿಯನ್ನು ‘ಕಾಗದದ ಹೂ’ ಎಂದು ಕರೆದ ನಮ್ಮ ಜನರ ಕಣ್ಣು ಬಲು ಚುರುಕಾದುದು. ದಕ್ಷಿಣ ಅಮೆರಿಕದಿಂದ ಬಂದ ಈ ಬಳ್ಳಿಯಲ್ಲಿ ನಾವು ಎಸಳೆಂದು ಭಾವಿಸುವ ಮೂರು ಬಣ್ಣದ ತುಂಡುಗಳು ವಾಸ್ತವವಾಗಿ ರೂಪ ಬದಲಿಸಿದ ಎಲೆಗಳು. ನಿಜವಾದ ಹೂ ಅವುಗಳ ನಡುವೆ ಸಣ್ಣ ಕೊಳವೆಯಂತೆ ಅಡಗಿರುತ್ತದೆ. ಗಿಡವೇ ಕಾಗದದ ಕಸುಬನ್ನು ಬಲ್ಲುದಾದರೆ, ಕಾಗದದ ಕಸುಬಿನವರು ಗಿಡದಿಂದ ಏಕೆ ಕಲಿಯಬಾರದು? ಇದೇ ಈ ಹೊತ್ತು ನಾವು ಹೇಳಬೇಕೆಂದಿರುವ ವಿಷಯ.

ಊರು ಬಿಟ್ಟು ಬಂದ ನಮಗೆ ತೋಟವೆಂದರೆ ಎಷ್ಟು? ಗ್ಯಾಲರಿಯ ಅಂಚಿನಲ್ಲಿ ನಾಲ್ಕು ಕುಂಡ: ಒಂದು ತುಳಸಿ, ಒಂದು ದೊಡ್ಡಪತ್ರೆ, ಒಂದು ಕರಿಬೇವು, ಜಾಗವಿದ್ದರೆ ಒಂದು ದಾಸವಾಳ. ಇಷ್ಟರಿಂದ ಏನಾದೀತು ಎನ್ನಬೇಡಿ. ನೋಡುವ ಕಣ್ಣಿಗೆ ನಾಲ್ಕು ಕುಂಡವೇ ಒಂದು ಶಾಲೆ.

ತುಳಸಿಯ ಕುಡಿಯನ್ನು ಮೇಲಿನಿಂದ ನೋಡಿ. ಎಲೆಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಚಾಚಿದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕೆ. ಕೆಳಗಿನ ಎಲೆಗೂ ಬಿಸಿಲು ಸಿಗಲೆಂದು ಎಷ್ಟು ಸೊಗಸಾದ ಏರ್ಪಾಡು! ಹಸಿರು ಕಾಗದದ ಪಟ್ಟಿಗಳನ್ನು ಹೀಗೆಯೇ ಅಡ್ಡಡ್ಡ ಜೋಡಿಸಿ ಕಡ್ಡಿಗೆ ಅಂಟಿಸಿದರೆ ತುಳಸಿಯ ಗಿಡವೇ ನಿಂತಂತಾಗುತ್ತದೆ. ಇನ್ನು ದಾಸವಾಳಕ್ಕೆ ಐದು ಎಸಳು. ಪ್ರತಿಯೊಂದು ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆ ಕಡೆಯದರ ಕೆಳಗೆ. ಕಾಗದದ ದಾಸವಾಳ ಮಾಡುವವರು ಈ ಒಂದು ಗುಟ್ಟನ್ನು ತಪ್ಪಿದರೆ ಹೂ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ; ಹಿಡಿದರೆ ತಾನಾಗಿ ಅರಳುತ್ತದೆ.

ಸಣ್ಣ ಮಕ್ಕಳಿಗೆ ಇನ್ನೂ ಸುಲಭವಾದ ಒಂದು ಉಪಾಯವುಂಟು. ದುಂಡು ಕಾಗದವನ್ನು ಎರಡಾಗಿ ಮಡಿಸಿ, ಅದನ್ನು ಮತ್ತೆ ಮೂರು ಸಮಪಾಲಾಗಿ ಮಡಿಸಿ. ಹೊರ ಅಂಚನ್ನು ಎಸಳಿನ ಆಕಾರಕ್ಕೆ ಕತ್ತರಿಸಿ ಬಿಡಿಸಿದರೆ ಆರು ಎಸಳು. ಅದರಲ್ಲಿ ಒಂದನ್ನು ಬುಡದವರೆಗೂ ಕತ್ತರಿಸಿ ತೆಗೆದು, ತೆರಪಾದ ಎರಡು ಅಂಚುಗಳನ್ನು ಕೂಡಿಸಿ ಅಂಟಿಸಿ. ಐದೆಸಳಿನ ಹೂ ಬಟ್ಟಲಿನಂತೆ ಮೇಲೇಳುತ್ತದೆ. ಕಾಗದಕ್ಕೆ ಖರ್ಚೂ ಬೇಡ. ಮನೆಗೆ ಬಂದ ಲಗ್ನಪತ್ರಿಕೆಗಳ ಅರಿಸಿನ ಕುಂಕುಮದ ಬಣ್ಣ ಈ ಕೆಲಸಕ್ಕೆಂದೇ ಹೇಳಿ ಮಾಡಿಸಿದಂತಿದೆ.

ಇದು ಮಕ್ಕಳಾಟವೆಂದು ಹಗುರವಾಗಿ ಕಾಣುವವರಿಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಇಂಗ್ಲೆಂಡಿನ ಮೇರಿ ಡೆಲಾನಿ ಎಂಬಾಕೆ 1700ರಲ್ಲಿ ಹುಟ್ಟಿದವರು. ಗಂಡನನ್ನು ಕಳೆದುಕೊಂಡ ಕೆಲವು ವರ್ಷಗಳ ಮೇಲೆ, 1772ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾಗದದಿಂದ ಹೂಗಳನ್ನು ಕತ್ತರಿಸತೊಡಗಿದರು. ಗಿಡವನ್ನು ಎದುರಿಗೆ ಇಟ್ಟುಕೊಂಡು ಎಸಳು, ಕೇಸರ, ಎಲೆಯ ನರ ಒಂದೊಂದನ್ನೂ ಬೇರೆ ಬೇರೆ ಬಣ್ಣದ ಚೂರುಗಳಲ್ಲಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸುವುದು ಅವರ ರೀತಿ. ಕಣ್ಣು ಮಂಜಾಗುವ ತನಕ, ಸುಮಾರು ಹತ್ತು ವರ್ಷ, ಬಿಡದೆ ದುಡಿದು ಒಂಬೈನೂರಕ್ಕಿಂತ ಹೆಚ್ಚು ಹೂಗಳನ್ನು ಮಾಡಿದರು. ಅವು ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಂನಲ್ಲಿವೆ. ನಮ್ಮ ದೇಶದಲ್ಲಿಯೇ ಮಥುರೆಯ ಸಾಂಝಿ ಕಲಾವಿದರು ಬಳ್ಳಿ, ಮರ, ನವಿಲುಗಳನ್ನು ಕಾಗದದಲ್ಲಿ ಕೊರೆದು, ಆ ಅಚ್ಚಿನ ಮೇಲೆ ಬಣ್ಣದ ಪುಡಿ ಉದುರಿಸಿ ರಂಗವಲ್ಲಿ ಬಿಡಿಸುತ್ತಾರೆ. ಕತ್ತರಿ ಯಾವ ನಾಡಿನದಾದರೂ ಗುರು ಗಿಡವೇ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ನಮ್ಮ ಮಕ್ಕಳಿಗೆ ಶಾಲೆಯ ಭಾಷೆ ಒಂದು, ಬೀದಿಯ ಭಾಷೆ ಇನ್ನೊಂದು. ಊರಿನಿಂದ ಅಜ್ಜಿ ಬಂದರೆ ಮೊಮ್ಮಗುವಿನೊಡನೆ “ಊಟವಾಯಿತೆ, ಮಲಗಿದೆಯಾ” ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಇದು ನಮ್ಮಲ್ಲಿ ಅನೇಕರು ಒಳಗೊಳಗೇ ನುಂಗಿಕೊಂಡಿರುವ ನೋವು. ಕನ್ನಡ ಕಲಿ ಎಂದು ಗದರಿಸಿದರೆ ಮಗು ಕಲಿಯದು. ಆದರೆ ಅಜ್ಜಿಯೂ ಮಗುವೂ ಒಂದು ಕುಂಡದ ಎದುರು ಕತ್ತರಿ ಹಿಡಿದು ಕುಳಿತರೆ, ಮೊಗ್ಗು, ಎಸಳು, ತೊಟ್ಟು, ಚಿಗುರು, ಕುಡಿ ಎಂಬ ಮಾತುಗಳಿಲ್ಲದೆ ಕೆಲಸವೇ ಸಾಗದು. ಕೈಗೆ ಬೇಕಾದ ಮಾತು ನಾಲಗೆಗೆ ತಾನೇ ಬರುತ್ತದೆ. ಅಜ್ಜಿ ಹೂ ಕಟ್ಟುವ ಬೆರಳುಗಳ ಜಾಣ್ಮೆಯನ್ನು ಕೊಡುತ್ತಾಳೆ. ಮಗು ಹೊಸ ಕಲ್ಪನೆಯನ್ನು ಕೊಡುತ್ತದೆ. ಅಪ್ಪನಿಗೆ ನೀರು ಹಾಕುವ ಕೆಲಸವಾದರೂ ಇರಲಿ!

1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ಸೀಮೆಗಳು ಒಂದಾದವು. 1973ರ ಅದೇ ದಿನ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ಆ ಹಬ್ಬದ ವೇದಿಕೆಗೆ ಅಂಗಡಿಯ ಪ್ಲಾಸ್ಟಿಕ್ ಹೂವೇಕೆ? ಪ್ಲಾಸ್ಟಿಕ್ಕಿನ ಬಾವುಟ, ಅಲಂಕಾರದ ಥರ್ಮೋಕೋಲುಗಳನ್ನು 2022ರ ಜುಲೈ 1ರಿಂದ ಸರಕಾರವೇ ನಿಷೇಧಿಸಿದೆ. ಆದುದರಿಂದ ನಮ್ಮ ವಿನಂತಿ ಇಷ್ಟೆ: ಮುಂದಿನ ರಾಜ್ಯೋತ್ಸವಕ್ಕೆ ಪ್ರತಿ ಮನೆಯವರೂ ತಮ್ಮ ಕುಂಡದ ಒಂದು ಗಿಡವನ್ನು ನೋಡಿ ಮಾಡಿದ ಒಂದು ಮೊಳ ಕಾಗದದ ತೋರಣ ತರಲಿ. ಅದರ ಕೆಳಗೆ ಗಿಡದ ಹೆಸರನ್ನು ಮಗುವೇ ತನ್ನ ಕೈಯಾರೆ ಕನ್ನಡದಲ್ಲಿ ಬರೆದಿರಲಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬಳ್ಳಿ ಎಲ್ಲಿ ತಾನೇ ನೆಟ್ಟಗೆ ಬೆಳೆಯುತ್ತದೆ?